ಐದನೆಯ ಎಲೆ

ನಮ್ಮ ಅಡುಗೆಮನೆಯಲ್ಲಿ ನನ್ನ ಹೆಸರಿನ ಪಾತ್ರೆ ಒಂದೂ ಇಲ್ಲ. ಐವತ್ತೆರಡು ವರ್ಷ ಈ ಮನೆಯ ಅನ್ನ ಉಂಡವಳಿಗೆ ಒಂದು ಲೋಟದ ಮೇಲಾದರೂ ಹಕ್ಕು ಬೇಡವೇ, ನೀವೇ ಹೇಳಿ. ನಾನು ಕಾಫಿ ಕುಡಿಯುವ ಲೋಟದ ಮೇಲೆ ಅಜ್ಜಿಯ ಹೆಸರಿದೆ. ಸಾರಿನ ಪಾತ್ರೆಯ ಮೇಲೆ ಚಿಕ್ಕಪ್ಪನ ಹೆಸರು. ಊಟದ ತಟ್ಟೆಯ ಮೇಲೆ ‘ಬಸಪ್ಪ ಮತ್ತು ಮಕ್ಕಳು’ ಎಂದಿದೆ. ಈ ಬಸಪ್ಪ ಯಾರು, ಅವರಿಗೆ ಮಕ್ಕಳೆಷ್ಟು, ನಮ್ಮ ಮನೆಯ ಯಾವ ಮದುವೆಗೆ ಬಂದು ಮುಯ್ಯಿ ಮಾಡಿ ಹೋದರು ಎಂಬುದು ಅಮ್ಮನಿಗೂ ನೆನಪಿಲ್ಲ. ಆದರೂ ದಿನಕ್ಕೆರಡು ಸಲ ಅವರ ಕುಟುಂಬದ ಮೇಲೆ ಅನ್ನ ಸಾರು ಹಾಕಿಕೊಂಡು ಉಣ್ಣುತ್ತೇನೆ.

ಪಾತ್ರೆಗೆ ಹೆಸರು ಹಾಕಿಸುವುದನ್ನು ನೀವೂ ನೋಡಿರುತ್ತೀರಿ. ಅಂಗಡಿಯವನು ಪಾತ್ರೆ ತೂಗಿ ಕೊಟ್ಟ ಮೇಲೆ, “ಹೆಸ್ರು ಏನು ಹಾಕಬೇಕ್ರಿ?” ಅನ್ನುತ್ತಾನೆ. ಬಾಲದಂಥ ವೈರು ನೇತಾಡುವ ಸೂಜಿಯ ಮಷೀನು ಕೈಗೆತ್ತಿಕೊಂಡು ಗುರ್ರ್ ಎನ್ನಿಸುತ್ತಾನೆ. ಹಲ್ಲು ಜುಮ್ಮೆನ್ನುತ್ತದೆ, ಚುಕ್ಕಿ ಚುಕ್ಕಿಯಾಗಿ ಅಕ್ಷರಗಳು ಮೂಡುತ್ತವೆ. ಆಮೇಲೆ ಆ ಮನುಷ್ಯ ಹೋದರೂ ಪಾತ್ರೆ ಹೋಗುವುದಿಲ್ಲ. ಹೋದವರ ಹೆಸರನ್ನೆಲ್ಲ ದಿನಾ ಬೆಳಿಗ್ಗೆ ಸಬೀನಾ ಹಾಕಿ ತಿಕ್ಕಿ, ತೊಳೆದು, ಬೋರಲು ಹಾಕುವ ಮನೆ ನಮ್ಮದು. ಚನ್ನಗಿರಿಯ ಬಹಳ ಮನೆಗಳು ಹೀಗೇ ಇದ್ದಾವು.

ಈ ಪಾತ್ರೆಗಳ ನಡುವೆ, ಮೇಲಿನ ಸಾಲಿನಲ್ಲಿ, ಒಂದು ಡಬ್ಬಿ ಇದೆ. ಸುಮಾರು ಎರಡು ಸೇರು ಹಿಡಿಯುವಂಥದ್ದು. ಮುಚ್ಚಳದ ಒಂದು ಅಂಚು ಸೊಟ್ಟಗಾಗಿದೆ. ಮೈಮೇಲೆ ‘ತಿಪ್ಪಮ್ಮ ಜಗಳೂರು’ ಎಂದು ಚುಕ್ಕಿಯ ಅಕ್ಷರ. ಇದು ನಮ್ಮದಲ್ಲ. ಇದನ್ನು ಯಾರೂ ನಮಗೆ ಮುಯ್ಯಿಗೆ ಕೊಟ್ಟಿದ್ದಲ್ಲ. ಹಾಗಂತ ಕದ್ದದ್ದೂ ಅಲ್ಲ ಮತ್ತೆ! ಮೊನ್ನೆ ದೂಳು ಹೊಡೆಯಲು ಅದನ್ನು ಕೆಳಗಿಳಿಸಿದಾಗ ಅಕ್ಷರಗಳ ಚುಕ್ಕಿಗಳಲ್ಲಿ ಇನ್ನೂ ಒಂಚೂರು ಕುಂಕುಮ ಕಾಣಿಸಿತು. ಒಬ್ಬಳೇ ನಕ್ಕೆ, ಹಾಗೇ ಮುಖವೂ ಬಿಸಿಯಾಯಿತು. ಆ ಕುಂಕುಮದ ಕಥೆ ಹೇಳಬೇಕೆಂದೇ ಇಷ್ಟು ಪೀಠಿಕೆ.

ಅಪ್ಪ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ನನಗೆ ಒಂಬತ್ತು ವರ್ಷವಿದ್ದಾಗ ನಾವು ಜಗಳೂರಿನಲ್ಲಿದ್ದೆವು. ಸಾಲುಮನೆ, ಒಂದೇ ಗೋಡೆ ಎರಡು ಮನೆಗೆ. ಗೋಡೆಯ ಆಚೆಗೆ ತಿಪ್ಪಕ್ಕ ಇದ್ದರು. ಅವರ ಗಂಡ ರುದ್ರಪ್ಪ ರಸ್ತೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದರು. ತಿಪ್ಪಕ್ಕನದು ಗಟ್ಟಿ ಗಂಟಲು, ಮೂಗಿನ ಎರಡೂ ಬದಿಗೆ ಮೂಗುಬೊಟ್ಟು. ಬೆಳಗಿನ ಜಾವಕ್ಕೇ ಅವರ ಮನೆಯಿಂದ ಪಟಪಟ ಪಟಪಟ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ನಮ್ಮ ಮನೆಗೆ ಅಲಾರಂ ಗಡಿಯಾರ ಬೇಕಿರಲಿಲ್ಲ.

ಆ ವರ್ಷ ಅಮ್ಮನಿಗೆ ಟೈಫಾಯ್ಡ್ ಆಯಿತು. ತಿಂಗಳು ದಾಟಿದರೂ ಮೇಲೇಳಲಿಲ್ಲ. ಅಪ್ಪ ಅಡುಗೆಗೆ ಕೈ ಹಾಕಿದರು. ದನಕ್ಕೆ ಔಷಧಿ ಕಲಸಿ ರೂಢಿಯಾದ ಕೈ ಅದು. ಅಳತೆ ಮಾತ್ರ ಬಲು ಕರಾರುವಾಕ್ಕು, ರುಚಿ ದೇವರಿಗೇ ಪ್ರೀತಿ. ಅವರು ಮಾಡಿದ ಸಾರನ್ನು ಮೊದಲ ದಿನ ನಾನು ಅತ್ತುಕೊಂಡು ಉಂಡೆ, ಎರಡನೆಯ ದಿನ ಉಣ್ಣದೆ ಅತ್ತೆ. ಆ ಅಳು ಗೋಡೆ ದಾಟಿತು. ಐದು ನಿಮಿಷಕ್ಕೆ ತಿಪ್ಪಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದವರು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡಿದರು.

“ಸ್ವಾಮೇರಾ, ಇದನ್ನ ಎಮ್ಮೆಗೆ ಹಾಕಿದ್ರೂ ಗೊಂತು ಕಿತ್ಕೆಂಡು ಹೋಗ್ತತೆ. ನೀವು ಆಸ್ಪತ್ರೆಗೆ ಹೋಗ್ರಿ, ಊಟ ನಾನು ನೋಡ್ಕಂತೀನಿ.”

ಅಂದಿನಿಂದ ನಲವತ್ತು ದಿನ, ದಿನಕ್ಕೆ ಎರಡು ಹೊತ್ತು, ಆ ಡಬ್ಬಿ ಗೋಡೆ ದಾಟಿ ಬಂತು. ಅಮ್ಮನಿಗೆ ತೆಳ್ಳಗಿನ ಗಂಜಿ. ಅಪ್ಪನಿಗೆ ಮುದ್ದೆ ಉಪ್ಸಾರು, ಕೆಲವೊಮ್ಮೆ ನವಣೆ ಅನ್ನ. ನನಗೆ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಶೇಂಗಾ ಚಟ್ನಿಪುಡಿ ಉದುರಿಸಿ, ಸುರುಳಿ ಸುತ್ತಿ ಕೊಡುತ್ತಿದ್ದರು. ಅದನ್ನು ಹಿಡಿದುಕೊಂಡೇ ಶಾಲೆಗೆ ಓಡುತ್ತಿದ್ದೆ. ಅಮ್ಮ ಬದುಕುಳಿದದ್ದು ಯಾವ ಡಾಕ್ಟರ ಮಾತ್ರೆಯಿಂದಲೋ ಗೊತ್ತಿಲ್ಲ, ನಾನು ಬದುಕಿದ್ದು ಮಾತ್ರ ಆ ರೊಟ್ಟಿಯಿಂದ.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಉಪಕಾರ ಮಾಡಿದವರಿಗೆ ‘ಥ್ಯಾಂಕ್ಸ್’ ಅಂದರೆ ಅವರಿಗೆ ಸಿಟ್ಟು ಬರುತ್ತದೆ. “ಏನು, ನಾವು ಬೇರೆಯವರಾ?” ಅನ್ನುತ್ತಾರೆ. ಬಾಯಲ್ಲಿ ಹೇಳುವ ಕೃತಜ್ಞತೆ ಏನಿದ್ದರೂ ಸಭೆ ಸಮಾರಂಭದ ಕೊನೆಯ ವಂದನಾರ್ಪಣೆಗೆ ಮೀಸಲು, ಅದೂ ಜನ ಚಪ್ಪಲಿ ಹುಡುಕುವ ಹೊತ್ತಿಗೆ. ಮನೆಮನೆಗಳ ನಡುವೆ ಅದು ನಡೆಯುವುದು ಪಾತ್ರೆಯ ಮೂಲಕ. ಒಬ್ಬರ ಮನೆಯಿಂದ ಪಾತ್ರೆ ತುಂಬಿ ಬಂದರೆ ಬರಿದು ಮಾಡಿ ವಾಪಸ್ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಎರಡು ಕರಿಬೇವಿನ ಕಡ್ಡಿಯಾದರೂ ಹಾಕಿಯೇ ಕೊಡಬೇಕು.

ಅಷ್ಟು ದಿನ ಖಾಲಿ ಡಬ್ಬಿಯನ್ನು ತಿಪ್ಪಕ್ಕನೇ ಬಂದು ಒಯ್ಯುತ್ತಿದ್ದರು, ಕೊನೆಯ ದಿನದ್ದು ನಮ್ಮಲ್ಲೇ ಉಳಿಯಿತು. ಅಮ್ಮನಿಗೆ ಸಕ್ಕರೆ ಕರಿಬೇವಿನಲ್ಲಿ ಮುಗಿಸುವ ಮನಸ್ಸಿಲ್ಲ. “ನಲವತ್ತು ದಿನ ಉಂಡೀವಿ. ಬರೀ ಡಬ್ಬಿ ಹೆಂಗೆ ಕೊಡಾಕಾಗುತ್ತೆ? ಮೈ ಸರಿಹೋಗ್ಲಿ, ಏನಾದ್ರೂ ಚೆನ್ನಾಗಿರೋದು ಮಾಡಿ ತುಂಬಿ ಕೊಡ್ತೀನಿ” ಅಂದಳು. ಮೈ ಸರಿಹೋಗುವುದಕ್ಕೂ ಅಪ್ಪನಿಗೆ ಸಂತೇಬೆನ್ನೂರಿಗೆ ವರ್ಗವಾಗುವುದಕ್ಕೂ ಸರಿಹೋಯಿತು. ಲಾರಿಗೆ ಸಾಮಾನು ತುಂಬುವ ಗಡಿಬಿಡಿಯಲ್ಲಿ ಡಬ್ಬಿ ನಮ್ಮ ಪಾತ್ರೆಗಳ ಜೊತೆ ಗೋಣಿಚೀಲ ಸೇರಿತು. ಸಂತೇಬೆನ್ನೂರಿನಲ್ಲಿ ಚೀಲ ಬಿಚ್ಚಿದಾಗ ಎಲ್ಲಕ್ಕಿಂತ ಮೇಲೆ ಅದೇ ಕೂತಿತ್ತು. ಅಮ್ಮ ನೆಲದ ಮೇಲೆ ಕುಳಿತು ಅದನ್ನು ನೋಡಿ ಅತ್ತುಬಿಟ್ಟಳು.

ಆಮೇಲೆ ಕೊಡಲು ಪ್ರಯತ್ನವೇ ಮಾಡಲಿಲ್ಲ ಅಂದುಕೊಳ್ಳಬೇಡಿ. ಎರಡು ವರ್ಷದ ಬಳಿಕ ಅಪ್ಪನಿಗೆ ಜಗಳೂರಿನಲ್ಲಿ ಏನೋ ಕೆಲಸ ಬಿತ್ತು. ಅಮ್ಮ ಇಡೀ ದಿನ ಕೂತು ರವೆ ಉಂಡೆ ಕಟ್ಟಿ ಡಬ್ಬಿ ತುಂಬಿ ಕಳಿಸಿದಳು. ಅಪ್ಪ ಹೋಗಿ ನೋಡಿದರೆ ಮನೆಗೆ ಬೀಗ. ರುದ್ರಪ್ಪ ತೀರಿಕೊಂಡರಂತೆ, ತಿಪ್ಪಕ್ಕ ಮಗಳ ಊರಿಗೆ ಹೋದರಂತೆ, ಯಾವ ಊರೋ ಅಕ್ಕಪಕ್ಕದವರಿಗೆ ಸರಿಯಾಗಿ ಗೊತ್ತಿಲ್ಲ. ಸಂಜೆಗೆ ಅಪ್ಪ ಮರಳಿದರು. ಡಬ್ಬಿ ಅಲ್ಲಾಡಿಸಿದರೆ ಸದ್ದಿಲ್ಲ. ಬಸ್ಸು ಕೆಟ್ಟು ನಿಂತಿತ್ತು, ಹಸಿವಾಗಿತ್ತು, ಅಕ್ಕಪಕ್ಕದ ಸೀಟಿನವರಿಗೂ ಹಸಿವಾಗಿತ್ತು ಎಂಬುದು ಅವರ ಸಮಜಾಯಿಷಿ. ಅಮ್ಮ ಎರಡು ದಿನ ಅವರ ಜೊತೆ ಮಾತಾಡಲಿಲ್ಲ.

ಹೀಗೆ ವರ್ಷಗಳು ಉರುಳಿದವು. ಅಪ್ಪ ಹೋದರು. ನಾನು ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಚನ್ನಗಿರಿಯಲ್ಲಿ ಮನೆ ಮಾಡಿ, ಅಮ್ಮನನ್ನು ಕರೆದುಕೊಂಡು ಬಂದೆ. ಡಬ್ಬಿಯೂ ಜೊತೆಗೇ ಬಂತು. ಅದರಲ್ಲಿ ಬೇಳೆ ತುಂಬಲು ಹೋದರೆ ಅಮ್ಮ, “ಅದು ನಮ್ದಲ್ಲ, ಮುಟ್ಬೇಡ” ಅನ್ನುತ್ತಿದ್ದಳು.

ಇಲ್ಲಿಗೆ ನನ್ನ ಘನಕಾರ್ಯದ ಪ್ರವೇಶ. ನನಗೊಂದು ಜಂಬವಿತ್ತು, ಒಮ್ಮೆ ನೋಡಿದ ಮುಖ ಮರೆಯುವುದಿಲ್ಲ ಅಂತ. ಕೌಂಟರಿನಲ್ಲಿ ಕೂತು ಕೂತು ಬಂದ ಜಂಬ ಅದು. “ಮೇಡಂ ಒಂದ್ಸಲ ಮುಖ ನೋಡಿದ್ರೆ ಮುಗೀತು” ಎಂದು ಜೊತೆಯವರು ಉಬ್ಬಿಸುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ಎಂಟು ವರ್ಷದ ಹಿಂದೆ ಯಾರದೋ ಮದುವೆಗೆಂದು ಜಗಳೂರಿಗೆ ಹೋಗಿದ್ದೆ. ವಾಪಸು ಬರುವಾಗ ಬಸ್ಸು ಹೊರಟಿತ್ತು. ಕಿಟಕಿಯಾಚೆ ಒಂದು ಫ್ಲೆಕ್ಸು, ‘ಭಾವಪೂರ್ಣ ಶ್ರದ್ಧಾಂಜಲಿ’. ಎರಡು ಬದಿಗೆ ದೀಪ, ನಡುವೆ ಒಬ್ಬ ಹೆಂಗಸಿನ ಫೋಟೋ, ಮೂಗಿನ ಎರಡೂ ಬದಿಗೆ ಮೂಗುಬೊಟ್ಟು. ಹೆಸರಿದ್ದ ಭಾಗಕ್ಕೆ ಕಬ್ಬಿನ ಹಾಲಿನ ಗಾಡಿಯ ಛತ್ರಿ ಅಡ್ಡವಾಗಿತ್ತು. ಕನ್ನಡಕ ಬ್ಯಾಗಿನೊಳಗಿತ್ತು. ಆದರೇನು, ಮುಖ ನೋಡಿದರೆ ಮುಗಿಯಿತಲ್ಲ! ಮನೆಗೆ ಬಂದು, “ಅಮ್ಮಾ, ತಿಪ್ಪಕ್ಕ ಹೋಗ್ಬಿಟ್ರು” ಅಂದೆ.

“ಸರಿಯಾಗಿ ನೋಡ್ದೇನೇ?”

“ನಾನು ಮುಖ ಮರೀತೀನಾ?”

ಅಮ್ಮ ಬಚ್ಚಲಿಗೆ ಹೋಗಿ ತಲೆಯ ಮೇಲೆ ಒಂದು ಚೊಂಬು ನೀರು ಸುರಿದುಕೊಂಡಳು. ಬಂಧುವಲ್ಲ, ಬಳಗವಲ್ಲ, ಸೂತಕದ ಲೆಕ್ಕಕ್ಕೆ ಬರುವವರಲ್ಲ. ಒದ್ದೆ ಕೂದಲಲ್ಲೇ ಕೂತು, “ಡಬ್ಬಿ ನನ್ಹತ್ರಾನೇ ಉಳೀತಲ್ಲೇ” ಎಂದಳು. ಆ ದನಿ ನನ್ನ ಕಿವಿಯಲ್ಲಿ ಬಹಳ ದಿನ ಇತ್ತು.

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ. ಹೋದವರಿಗೆ ಇಷ್ಟವಾಗಿದ್ದನ್ನು ಮಾಡಿ, ಫೋಟೋದ ಮುಂದೆ ಎಲೆ ಹಾಕಿ ಎಡೆ ಇಡುತ್ತೇವೆ. ಇಷ್ಟವಾದದ್ದು ಅಂದರೆ ಇಷ್ಟವಾದದ್ದೇ, ಅದರಲ್ಲಿ ನಾಚಿಕೆಯಿಲ್ಲ. ತಾತನಿಗೆ ಒಂದು ಕಟ್ಟು ಬೀಡಿ. ಅಜ್ಜಿಗೆ ನಶ್ಯದ ಡಬ್ಬಿ. ಅಪ್ಪನಿಗೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಚಿಕ್ಕಪ್ಪ ಅರವತ್ತು ದಾಟಿದ ಮೇಲೂ ಕ್ರೀಮ್ ಬಿಸ್ಕತ್ತಿಗೆ ಆಸೆಪಡುತ್ತಿದ್ದರು, ಅವರಿಗೆ ಅದೇ. ಒಟ್ಟು ನಾಲ್ಕು ಎಲೆ. ಆ ವರ್ಷ ಅಮ್ಮ ಐದನೆಯ ಎಲೆ ಹಾಕಿದಳು. ತಿಪ್ಪಕ್ಕನ ಫೋಟೋ ಇರಲಿಲ್ಲವಾದ್ದರಿಂದ ಡಬ್ಬಿಯನ್ನೇ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂ ಇಟ್ಟು ಕೂರಿಸಿದಳು. ಬಡಿಸಲು ಕೈ ಎತ್ತಿದವಳು ಹಾಗೇ ನಿಂತಳು.

“ಸುಮೀ, ತಿಪ್ಪಕ್ಕಂಗೆ ಏನು ಇಷ್ಟ ಇತ್ತೇ?”

ನನಗೆ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ನಲವತ್ತು ದಿನ ಆಕೆಯ ಕೈಯ ಊಟ ಉಂಡಿದ್ದೆವು, ನಮ್ಮ ಮೂವರಿಗೂ ಏನು ಸೇರುತ್ತದೆ ಎಂದು ಆಕೆಗೆ ಗೊತ್ತಿತ್ತು. ಆಕೆಗೆ ಏನು ಇಷ್ಟ ಎಂದು ನಾವು ಒಂದು ದಿನವೂ ಕೇಳಿರಲಿಲ್ಲ. ಅಮ್ಮನಿಗೆ ಡಬ್ಬಿ ಕೊಡದ್ದಕ್ಕಿಂತ ಇದು ಹೆಚ್ಚು ಚುಚ್ಚಿತು.

ಊಹೆಯ ಮೇಲೆ ಶುರುವಾಯಿತು. ಜಗಳೂರಿನವರಲ್ಲವೇ ಎಂದು ಮೊದಲ ವರ್ಷ ಶೇಂಗಾ ಹೋಳಿಗೆ. ಎಡೆಯನ್ನು ತಾರಸಿಗೆ ಒಯ್ದು ಇಟ್ಟೆವು. ಕಾಗೆಗಳು ಬಂದವು. ಅಪ್ಪನ ಬಜ್ಜಿ ಮೊದಲು ಹೋಯಿತು, ಚಿಕ್ಕಪ್ಪನ ಬಿಸ್ಕತ್ತಿಗೆ ಜಗಳವೇ ಆಯಿತು. ಐದನೆಯ ಎಲೆಯನ್ನು ಒಂದು ಕಾಗೆಯೂ ಮುಟ್ಟಲಿಲ್ಲ. ಮರುವರ್ಷ ಕರಿಗಡುಬು, ಮುಟ್ಟಲಿಲ್ಲ. ಅದರ ಮರುವರ್ಷ ಸಜ್ಜಿಗೆ, ಊಹೂಂ. ಏಳು ವರ್ಷ, ಏಳು ಬಗೆ. ಎದುರುಮನೆಯ ಕಟಕಟೆಯ ಮೇಲೆ ಕೂತ ಕಾಗೆ ಕತ್ತು ಓರೆ ಮಾಡಿ ನಮ್ಮನ್ನೇ ನೋಡುತ್ತಿತ್ತು.

“ತಿಪ್ಪಕ್ಕಂಗೆ ಇನ್ನೂ ಸಿಟ್ಟೈತೆ. ಡಬ್ಬಿ ಕೊಡ್ಲಿಲ್ಲ ಅಂತ” ಅನ್ನುತ್ತಿದ್ದಳು ಅಮ್ಮ. ನಾನು ಕಾಗೆಗಳ ಹೊಟ್ಟೆ ತುಂಬಿರುತ್ತದೆ ಎಂದೆಲ್ಲ ಸಮಾಧಾನ ಹೇಳಿದರೂ ಒಪ್ಪುತ್ತಿರಲಿಲ್ಲ. ಎಪ್ಪತ್ತೆಂಟರ ಅಮ್ಮ ಮೆಟ್ಟಿಲು ಹತ್ತಿ ಹೋಗಿ, ಬಿಸಿಲಿನಲ್ಲಿ ಆ ಎಲೆಯ ಮುಂದೆ ಕೈಮುಗಿದು ನಿಲ್ಲುವುದನ್ನು ನೋಡಲಾಗುತ್ತಿರಲಿಲ್ಲ.

ಹೋದ ವರ್ಷ ನವೆಂಬರಿನಲ್ಲಿ ನನ್ನನ್ನು ಎರಡು ವಾರ ನ್ಯಾಮತಿಯ ಕಚೇರಿಗೆ ಹಾಕಿದರು. ಪಿಂಚಣಿ ತೆಗೆದುಕೊಳ್ಳುವವರು ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಮಾಡಿಸುವ ತಿಂಗಳು ಅದು. ಅವರು ಬಂದು ಬೆರಳು ಒತ್ತುತ್ತಾರೆ, ಮಷೀನು ಹೌದೆಂದರೆ ಇನ್ನೊಂದು ವರ್ಷ ಬದುಕಿದ ಹಾಗೆ. ಒಂದು ಬೆಳಿಗ್ಗೆ ಒಬ್ಬ ಮುದುಕಿ ಮೊಮ್ಮಗಳ ಕೈ ಹಿಡಿದು ಬಂದರು. ಹೆಬ್ಬೆರಳು ಇಟ್ಟರು, ಆಗಲಿಲ್ಲ. ಒರೆಸಿ ಇಟ್ಟರು, ಆಗಲಿಲ್ಲ. ಹತ್ತೂ ಬೆರಳು ಮುಗಿದವು.

“ರೊಟ್ಟಿ ತಟ್ಟಿ ತಟ್ಟಿ ಗೆರೆ ಎಲ್ಲಾ ಹಿಟ್ಟಿನಾಗೆ ಹೋದ್ವು ಕಣವ್ವಾ. ಈ ಡಬ್ಬಕ್ಕೆ ಅದೆಲ್ಲಾ ಹೆಂಗೆ ಗೊತ್ತಾಗ್ಬೇಕು” ಅಂದರು ಅಜ್ಜಿ, ಮಷೀನಿಗೆ ಒಂದು ಏಟು ಕೊಟ್ಟು.

ಆ ಗಂಟಲು ಎಲ್ಲೋ ಕೇಳಿದಂತಿತ್ತು. ಕಾಗದ ತೆಗೆದುಕೊಂಡು ನೋಡಿದೆ. ತಿಪ್ಪಮ್ಮ. ಗಂಡನ ಹೆಸರು ರುದ್ರಪ್ಪ, ರಸ್ತೆ ಗ್ಯಾಂಗ್.

“ನೀವು... ಜಗಳೂರಿನ ತಿಪ್ಪಕ್ಕ... ನೀವು ಇದೀರಾ?”

“ಇಲ್ದೆ ಏನವ್ವಾ? ಇದೀನಿ ಅಂತ ಬರಸಾಕೇ ಅಲ್ವಾ ನಾನು ಬಂದಿರಾದು?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೊಬ್ಬಳೇ ನಗಲಿಲ್ಲ. ನೋಡಿ, ಊರವರಿಗೆಲ್ಲ ಬದುಕಿದ್ದೀರಿ ಎಂದು ಪತ್ರ ಮಾಡಿಕೊಡುವುದು ನನ್ನ ಉದ್ಯೋಗ. ಅಂಥವಳು ಏಳು ವರ್ಷ ಈ ಜೀವಂತ ಹೆಂಗಸಿಗೆ ಎಡೆ ಇಡಿಸಿದ್ದೆ. ನಾನು ಕಾಂಪೌಂಡರ ಮಗಳು ಸುಮಿ ಅಂತ ಹೇಳಿದಾಗ ಅವರ ಮುಖ ಅರಳಿತು. ಫ್ಲೆಕ್ಸಿನ ವಿಷಯ ಸುತ್ತಿ ಬಳಸಿ ಕೇಳಿದೆ. “ನಮ್ ತಂಗಿ ಓಬಮ್ಮ ಹೋದಾಗ ಹಾಕ್ಸಿದ್ರು. ಒಂದೇ ಅಚ್ಚು ನಾವಿಬ್ರೂ” ಅಂದರು. ಕೊನೆಗೆ ಮೊಬೈಲಿನಲ್ಲಿ ಮುಖ ತೋರಿಸಿ ಪ್ರಮಾಣಪತ್ರ ಮಾಡಿದೆವು. ಕಣ್ಣು ಮಿಟುಕಿಸಿ ಅಂತ ಅದು ಕೇಳುತ್ತದೆ. ತಿಪ್ಪಕ್ಕ ನನ್ನನ್ನೇ ನೋಡಿಕೊಂಡು ಎರಡು ಸಲ ಮಿಟುಕಿಸಿದರು, ಪರದೆಯ ಮೇಲೆ ಹಸಿರು ಬಂತು. ಅಂದರೆ ಅಷ್ಟು ದಿನ ಕಾಗೆಗೆ ಗೊತ್ತಿದ್ದದ್ದು ನನಗೂ ಆಗ ಗೊತ್ತಾಯಿತು.

ಅಮ್ಮನಿಗೆ ಹೇಳಿದಾಗ ಅವಳು ಮೊದಲು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಈ ವಯಸ್ಸಿನಲ್ಲಿ ನನಗೆ ಬಿದ್ದ ಗುದ್ದು ಅದೊಂದೇ. ಆಮೇಲೆ ದೇವರ ಮುಂದೆ ದೀಪ ಹಚ್ಚಿದಳು. ಆಮೇಲೆ ಡಬ್ಬಿ ಕೆಳಗಿಳಿಸಿ ತಿಕ್ಕಲು ಕೂತಳು.

ಬಂದ ಭಾನುವಾರ ಹೊರಟೆವು. ಡಬ್ಬಿಯಲ್ಲಿ ಏನು ತುಂಬುವುದೆಂದು ಮೂರು ದಿನ ಚರ್ಚೆಯಾಗಿ, ಕೊನೆಗೆ ಮತ್ತೆ ಶೇಂಗಾ ಹೋಳಿಗೆಯೇ ಗೆದ್ದಿತ್ತು. ಹೊನ್ನಾಳಿಗೆ ಹೋಗಿ ಅಲ್ಲಿ ಬಸ್ಸು ಬದಲಿಸಬೇಕು. ದಾರಿಯುದ್ದಕ್ಕೂ ಅಮ್ಮನಿಗೆ ಒಂದೇ ಮಾತು ಹೇಳಿದೆ, “ಎಡೆ ವಿಷ್ಯ ಬಾಯಿ ಬಿಡ್ಬೇಡ. ಎಂಬತ್ತು ದಾಟಿದೋರು. ಅಪಶಕುನ ಅಂತ ಮನಸ್ಸಿಗೆ ಹಚ್ಚಿಕೊಂಡ್ರೆ ಏನು ಮಾಡ್ತೀಯ? ಆಮೇಲೆ ನಾವು ನಿಜವಾಗ್ಲೂ ಕೊಂದಂಗೆ ಆಗುತ್ತೆ.” ಅಮ್ಮ ತಲೆಯಾಡಿಸಿದಳು. ಹೊಳೆ ಕಂಡಾಗ ಡಬ್ಬಿಯ ಸಮೇತ ಕೈಮುಗಿದಳು.

ತಿಪ್ಪಕ್ಕ ಬಾಗಿಲಲ್ಲೇ ಕೂತಿದ್ದರು. ಅಮ್ಮ ಮೆಟ್ಟಿಲ ಕೆಳಗೇ ನಿಂತಳು. ತಿಪ್ಪಕ್ಕ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

“ಏನೇ ಸರೋಜಾ, ಇಷ್ಟು ಬಡಕಲಾಗೀಯ! ಜ್ವರ ಇಳೀತೋ ಇಲ್ವೋ ಇನ್ನೂ?”

ಅಮ್ಮ ನಕ್ಕಳು, ನಗುತ್ತಲೇ ಅತ್ತಳು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಒಳಗೆ ಹೋದರು. ಅವರ ಮೊಮ್ಮಗಳು ಸಹನಾ ನೀರು ತಂದಳು. ಅಮ್ಮ ಡಬ್ಬಿಯನ್ನು ತಿಪ್ಪಕ್ಕನ ಮಡಿಲಲ್ಲಿ ಇಟ್ಟು, “ಅಕ್ಕಾ, ನಿಮ್ಮ ಡಬ್ಬಿ” ಅಂದಳು.

ತಿಪ್ಪಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. ಬೆರಳು ಎತ್ತಿ ಕಣ್ಣ ಹತ್ತಿರ ಹಿಡಿದರು.

“ಇದ್ಯಾಕೆ ಡಬ್ಬಿಗೆ ಕುಂಕುಮ ಹಚ್ಚೀರಿ?”

ಸಬೀನಾ, ನಿಂಬೆಸಿಪ್ಪೆ, ತೆಂಗಿನ ನಾರು ಎಲ್ಲ ಹಾಕಿ ತಿಕ್ಕಿದ್ದಳು ಅಮ್ಮ. ಏಳು ವರ್ಷದ ಕುಂಕುಮ ಚುಕ್ಕಿಗಳೊಳಗೆ ಕೂತಿತ್ತು. ನಾನು ಅಮ್ಮನ ಮುಖ ನೋಡಿದೆ, ಅಮ್ಮ ನನ್ನ ಮುಖ ನೋಡಿದಳು. ಸುಳ್ಳು ಹೇಳಿ ಅಮ್ಮನಿಗೆ ಅಭ್ಯಾಸವಿಲ್ಲ. ನನಗೆ ಅಭ್ಯಾಸವಿದ್ದರೂ ಆ ಹೊತ್ತಿಗೆ ಒಂದೂ ಹೊಳೆಯಲಿಲ್ಲ.

“ಅಕ್ಕಾ, ತಪ್ಪಾಗೋಯ್ತು. ನೀವು ಹೋಗ್ಬಿಟ್ರಿ ಅಂದ್ಕಂಡು ಏಳು ವರ್ಷ ನಿಮಗೆ ಎಡೆ ಇಟ್ವಿ.”

ಸಹನಾ ಕೈಯ ಲೋಟ ಹಾಗೇ ಹಿಡಿದು ನಿಂತಳು. ನಾನು ಎದ್ದು ಹೋಗಿ ತಿಪ್ಪಕ್ಕನ ಕಾಲು ಮುಟ್ಟಿ, “ತಪ್ಪು ನಂದು ದೊಡ್ಡಮ್ಮ, ನಾನೇ ನೋಡಿ ಹೇಳಿದ್ದು” ಅಂದೆ. ತಿಪ್ಪಕ್ಕ ಬೆರಳಿನ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡರು.

“ಎಡೆಗೆ ಏನೇನು ಇಟ್ಟಿದ್ರಿ?” ಅಂದರು.

ಅಮ್ಮ ಪರೀಕ್ಷೆಗೆ ಕೂತ ಹುಡುಗಿಯಂತೆ ಒಪ್ಪಿಸಿದಳು. ಶೇಂಗಾ ಹೋಳಿಗೆ. ಕರಿಗಡುಬು. ಸಜ್ಜಿಗೆ. ಶಾವಿಗೆ ಪಾಯಸ. ಒಂದು ವರ್ಷ ಮೈಸೂರು ಪಾಕು, ಅಂಗಡಿಯದು. ಒಂದನ್ನೂ ಕಾಗೆ ಮುಟ್ಟಲಿಲ್ಲ ಎಂಬುದನ್ನೂ ಹೇಳಿದಳು. ತಿಪ್ಪಕ್ಕನ ಮುಖ ಹುಳ್ಳಗಾಗುತ್ತಾ ಹೋಯಿತು.

“ಥೂ, ಬರೀ ಸಿಹಿ! ಸಿಹಿ ನಂಗೆ ಮೊದ್ಲಿಂದ್ಲೂ ಆಗಲ್ಲ ಕಣೇ. ಕಾಗೆ ಸರಿಯಾಗೇ ಮಾಡೈತೆ. ನಾನು ಸತ್ತಿದ್ರೂ ಮುಟ್ತಿರ್ಲಿಲ್ಲ.”

ಮೊದಲು ಸಹನಾ ನಕ್ಕಳು. ಆಮೇಲೆ ತಿಪ್ಪಕ್ಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಏಯ್ ಸಹನಾ, ಕೇಳ್ದೇನೇ, ನಂಗೆ ಏಳು ವರ್ಷ ಎಡೆ ಬಿದ್ದೈತೆ! ಇನ್ನು ನೀವು ಇಡದಿದ್ರೂ ನಡೀತತೆ, ಮುಂಗಡ ಬಂದೈತೆ!” ಅಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಹೋಳಿಗೆಗಳು ಮೊಮ್ಮಗಳ ಪಾಲಾದವು.

ನಗು ನಿಂತ ಮೇಲೆ ಅಮ್ಮ ಕೇಳಿದಳು. ಏಳು ವರ್ಷದಿಂದ ಬಾಯಲ್ಲೇ ಇದ್ದ ಪ್ರಶ್ನೆ ಅದು.

“ಹಂಗಾದ್ರೆ ನಿಮಗೆ ಏನು ಇಷ್ಟ ಅಕ್ಕಾ?”

ತಿಪ್ಪಕ್ಕ ಯೋಚಿಸಿದರು. ಅವರನ್ನು ಯಾರೂ ಅದನ್ನು ಕೇಳಿರಲಿಲ್ಲವೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

“ನೀನು ಮಾಡಿದ್ಯಲ್ಲೇ, ಆ ಉಪ್ಪಿಟ್ಟು.”

ಯಾವ ಉಪ್ಪಿಟ್ಟೋ ಅಮ್ಮನಿಗೆ ನೆನಪಿರಲಿಲ್ಲ. ತಿಪ್ಪಕ್ಕನೇ ಹೇಳಿದರು. ನಲವತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಎಂದಿನಂತೆ ಡಬ್ಬಿ ಹಿಡಿದು ಬಂದರಂತೆ. ಅಮ್ಮ ಗೋಡೆ ಹಿಡಿದುಕೊಂಡು ಎದ್ದು, ನಡುಗುವ ಕೈಯಲ್ಲಿ ಉಪ್ಪಿಟ್ಟು ಮಾಡಿದ್ದಳಂತೆ. ಕೈಸೌಟು ಆಡಿಸಲು ತ್ರಾಣವಿಲ್ಲದೆ ತಳ ಹತ್ತಿತ್ತಂತೆ. “ಕೂತ್ಕಾ ಅಕ್ಕಾ ಅಂತ ಮಣೆ ಹಾಕ್ದೆ. ತಟ್ಟೆಗೆ ಹಾಕಿ ಕೊಟ್ಟೆ. ಎಲ್ಡ್ನೇ ಸಲಾನೂ ಹಾಕ್ದೆ. ಮದ್ವೆ ಆಗಿ ಬಂದ್ಮ್ಯಾಲೆ ನನ್ನ ಕೂರ್ಸಿ ಬಡಿಸಿದೋಳು ನೀನೊಬ್ಳೇ ಕಣೇ ಸರೋಜಾ. ಆ ಸೀದ ವಾಸ್ನೆ ಇನ್ನೂ ಮೂಗಿನಾಗೈತೆ.”

ಅಮ್ಮ ಸೆರಗು ಬಾಯಿಗೆ ಹಿಡಿದಳು.

“ಖಾಲಿ ಡಬ್ಬಿ ಕೊಡಬಾರ್ದು ಅಂತ ಇಷ್ಟು ವರ್ಷ ಇಟ್ಕಂಡಿದ್ದಾ?” ಅಂದರು ತಿಪ್ಪಕ್ಕ. “ಹುಚ್ಚೀ. ನೀನು ಅವತ್ತೇ ಕೊಟ್ಟಿದ್ದೆ.”

ಅಮ್ಮ ಕಣ್ಣೊರೆಸಿಕೊಂಡು ಎದ್ದು, ಆ ಮನೆಯ ಅಡುಗೆಮನೆಗೆ ಹೋಗಿ ರವೆ ಎಲ್ಲಿದೆ ಎಂದು ಸಹನಾಳನ್ನು ಕೇಳಿದಳು. ತಿಪ್ಪಕ್ಕ ಹಿಂದೆಯೇ ಹೋಗಿ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತರು. ಜಗಳೂರಿನ ಸಾಲುಮನೆಯ ಒಬ್ಬೊಬ್ಬರ ಕಥೆಯೂ ಹೊರಬಂತು. ಮಾತಿನ ಭರದಲ್ಲಿ ಉಪ್ಪಿಟ್ಟು ಮತ್ತೆ ತಳ ಹತ್ತಿತು. ತಿಪ್ಪಕ್ಕ ಕೆರೆದು ಹಾಕಿಸಿಕೊಂಡು ಉಂಡರು, ಎರಡನೆಯ ಸಲವೂ ಹಾಕಿಸಿಕೊಂಡರು.

ಹೊರಡುವಾಗ ತಿಪ್ಪಕ್ಕ ಡಬ್ಬಿ ತೊಳೆದು, ಒರೆಸಿ, ಶೇಂಗಾ ಚಟ್ನಿಪುಡಿ ತುಂಬಿ ಅಮ್ಮನ ಕೈಗೇ ಕೊಟ್ಟರು. ಅಮ್ಮ ಗಾಬರಿಯಾದಳು. “ಅಯ್ಯೋ, ಡಬ್ಬಿ ನಿಮ್ದು ಅಕ್ಕಾ! ಅದನ್ನ ಕೊಡಾಕೇ ಬಂದಿದ್ದು!”

“ತುಂಬ್ಕಂಡು ಬಂದಿದ್ದನ್ನ ಬರಿದು ಮಾಡಿ ಇಟ್ಕಣಾಕಾಗುತ್ತಾ? ತಗಂಡು ಹೋಗು. ತೀರಿದ್ಮ್ಯಾಲೆ ವಾಪಸ್ ತಗಂಡು ಬಾ.”

ನಲವತ್ಮೂರು ವರ್ಷ ಯಾವ ಡಬ್ಬಿಯನ್ನು ಮರಳಿಸಲು ಒದ್ದಾಡಿದ್ದಳೋ ಅದನ್ನೇ ಮಡಿಲಲ್ಲಿಟ್ಟುಕೊಂಡು ಅಮ್ಮ ಬಸ್ಸಿನಲ್ಲಿ ಕೂತಿದ್ದಳು. ಮುಖದಲ್ಲಿ ಎಂಥ ಸಂತೋಷ ಅಂತೀರಿ! ಅಲ್ಲಿಂದೀಚೆಗೆ ಆ ಡಬ್ಬಿ ಚನ್ನಗಿರಿಗೂ ನ್ಯಾಮತಿಗೂ ಓಡಾಡಿಕೊಂಡಿದೆ. ನಾನು ಈಗ ಯಾರ ಮುಖವನ್ನೂ ಕನ್ನಡಕವಿಲ್ಲದೆ ನೋಡುವುದಿಲ್ಲ.

ಈ ವರ್ಷ ಹಿರಿಯರ ಹಬ್ಬದ ಬೆಳಿಗ್ಗೆ ಹೋಗಿ ಬಾಳೆಎಲೆ ತಂದೆ. ಅಮ್ಮ ಒಂದೊಂದನ್ನೇ ಒರೆಸಿ ಹಾಸಿದಳು. ತಾತ, ಅಜ್ಜಿ, ಅಪ್ಪ, ಚಿಕ್ಕಪ್ಪ. ಕೈಯಲ್ಲಿ ಒಂದು ಎಲೆ ಉಳಿಯಿತು.

“ಒಂದು ಎಲೆ ಜಾಸ್ತಿ ತಂದಿದೀಯಲ್ಲೇ ಸುಮಿ.”

ಅಭ್ಯಾಸಬಲ, ಐದು ತಂದಿದ್ದೆ. ಈ ಹಬ್ಬದಲ್ಲಿ ಯಾರ ಮನೆಯಲ್ಲಾದರೂ ಎಲೆ ಹೆಚ್ಚುತ್ತಾ ಹೋಗುತ್ತದೆಯೇ ಹೊರತು ಕಡಿಮೆಯಾದದ್ದನ್ನು ನಾನು ಕೇಳಿಲ್ಲ. ನಮ್ಮ ಮನೆಯಲ್ಲಿ ಒಂದು ಕಡಿಮೆಯಾಗಿತ್ತು. ಅಮ್ಮ ಆ ಎಲೆಯನ್ನು ದುಂಡಗೆ ಹರಿದು ಡಬ್ಬಿಯ ತಳಕ್ಕೆ ಹಾಸಿದಳು, ಅದರ ಮೇಲೆ ಬಿಸಿ ಉಪ್ಪಿಟ್ಟು ಹಾಕಿ ಸೊಟ್ಟ ಮುಚ್ಚಳ ಒತ್ತಿದಳು. ಬಾಣಲೆಯಲ್ಲಿ ಒಂದಿಷ್ಟು ಬೇಕೆಂದೇ ತಳ ಹತ್ತಿಸಿದ್ದಳು. ಡಬ್ಬಿಯನ್ನು ಟವಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

“ಎಡೆ ತಾರಸಿ ಮೇಲೆ ಇಟ್ಟು, ಕಾಗೆ ಬಂದ್ಮೇಲೆ ಹೋಗ್ತೀನಮ್ಮ” ಅಂದೆ.

“ಅವರಿಗೆಲ್ಲ ಕಾಯೋದು ಅಭ್ಯಾಸ ಐತೆ. ತಿಪ್ಪಕ್ಕಂಗೆ ಹಸಿವಾಗಿರುತ್ತೆ, ನೀನು ಹೊರಡು.”

ನಾನು ಬಿಸಿ ಡಬ್ಬಿಯನ್ನು ಎದೆಗೊತ್ತಿಕೊಂಡು ಹೊನ್ನಾಳಿ ಬಸ್ಸಿಗೆ ಓಡಿದೆ.